ಸೂಜಿ ನೋಡಬೇಡ ಎನ್ನುವ ಮುನಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಳೇಕಹಳ್ಳಿಯ ಅಂಚಿನಲ್ಲಿರುವ ಸಿದ್ಧ ಉಡುಪಿನ ಕಾರ್ಖಾನೆಯ ತಗಡಿನ ಶೆಡ್ಡಿನಲ್ಲಿ ಮುನಿಯಕ್ಕ ಒಬ್ಬರೇ ಇದ್ದಾರೆ. ಬೈರಸಂದ್ರದಿಂದ ನಡೆದೇ ಬಂದಿದ್ದಾರೆ; ಬಸ್ಸಿಗೆ ಕಾದರೆ ತಡವಾಗುತ್ತದೆ. ಕಾವಲುಗಾರ ಬಾಗಿಲು ತೆಗೆದುಕೊಟ್ಟು ಮತ್ತೆ ಕಂಬಳಿ ಹೊದ್ದುಕೊಂಡಿದ್ದಾನೆ. ಹಿಂದಿನ ಕಿಟಕಿಯ ಪಕ್ಕ ನಾಲ್ಕು ಹೊಲಿಗೆ ಮೆಷಿನ್‌ಗಳಿವೆ. ಅವನ್ನು ಒಂದೊಂದಾಗಿ ಒರೆಸಿ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನು ಹಲ್ಲಿನಿಂದ ಕಚ್ಚಿ ಪಟ್ಟಿಯಾಗಿ ಹರಿದು, ಸೂಜಿಯ ಬಲಕ್ಕೆ ಕಾಲಿಂಚು ಬಿಟ್ಟು, ಉಕ್ಕಿನ ತಟ್ಟೆಯ ಮೇಲೆ ನೆಟ್ಟಗೆ ಅಂಟಿಸುತ್ತಾರೆ. ಅದರ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ತೀಡುತ್ತಾರೆ. ಯಾವ ಎಂಜಿನಿಯರೂ ಹೇಳಿಕೊಟ್ಟದ್ದಲ್ಲ ಇದು. ಕಾರ್ಖಾನೆಯವರು ಪ್ಲಾಸ್ಟರ್ ಕೊಡುವುದೂ ಇಲ್ಲ.

ಹೊಸ ಹುಡುಗಿ ಗೋವಿಂದಮ್ಮ ಬರುತ್ತಾಳೆ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ದೇವಸ್ಥಾನಕ್ಕೆ ಬಂದವಳ ಹಾಗೆ ಒಳಗೆ ಕಾಲಿಡುತ್ತಾಳೆ. ಇದೇ ಊರಿನವಳು. ಅವಳ ಅಪ್ಪನ ರಾಗಿ ಹೊಲದಲ್ಲಿ ಈಗ ಬಡಾವಣೆಯ ಕಲ್ಲುಗಳನ್ನು ನೆಟ್ಟಿದ್ದಾರೆ. ಮೆಷಿನ್ ಮುಂದೆ ಕೂತು, ದಾರ ಪೋಣಿಸದ ಸೂಜಿಯ ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆ ಇಡುತ್ತಾಳೆ. ಮೊದಲ ದಿನಗಳ ಹೊಲಿಗೆಯೆಲ್ಲ ಕಾಗದದ ಮೇಲೆ.

"ಎಲ್ಲಿ ನೋಡ್ತಾ ಇದೀಯ?" ಮುನಿಯಕ್ಕ ಹಿಂದಿನಿಂದ ಕೇಳುತ್ತಾರೆ.

"ಸೂಜೀನ, ಅಕ್ಕಾ."

"ಸೂಜಿ ಏನು ಹೆಣ್ಣು ನೋಡೋಕೆ ಬಂದಿರೋ ಗಂಡಾ, ಹಾಗೆ ಕಣ್ಣು ಬಿಟ್ಕೊಂಡು ನೋಡೋಕೆ? ಅದು ಇದ್ದಲ್ಲೇ ಇರುತ್ತೆ ಕಣೇ. ಅಂಚು ನೋಡು. ಅಂಚು ಪಟ್ಟಿ ಬಿಟ್ಟು ಆಚೆ ಹೋಯ್ತಾ, ಈಚೆ ಬಂತಾ, ಅಷ್ಟೇ ನೋಡು."

ಗೋವಿಂದಮ್ಮ ನಗುತ್ತಾಳೆ. ನಗುವಿನಲ್ಲೇ ಕಣ್ಣು ಸೂಜಿ ಬಿಟ್ಟು ಪಟ್ಟಿಗೆ ಜಾರುತ್ತದೆ. ಕಾಗದದ ಮೇಲೆ ತೂತುಗಳ ಸಾಲು, ಅಷ್ಟುದ್ದ, ನೆಟ್ಟಗೆ ಬೀಳುತ್ತದೆ.

ಇಷ್ಟೇ ಮುನಿಯಕ್ಕನವರ ಕೆಲಸ. ಹೊಲಿಗೆಯನ್ನೇ ನೋಡದ ಹುಡುಗಿಗೆ, ಎಲ್ಲಿ ನೋಡಬೇಕು ಎಂದು ಹೇಳುವುದು. ಏನು ಕೇಳಿಸಿಕೊಳ್ಳಬೇಕು ಎಂದು ಹೇಳುವುದು. ಆರು ವರ್ಷದಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು ಈ ಕಿಟಕಿಯ ಪಕ್ಕ ಕೂತು ಎದ್ದು ಹೋಗಿದ್ದಾರೆ. ಜಯನಗರದ ಅಂಗಡಿಗಳಿಗೂ ಹಡಗು ಹತ್ತುವ ಪೆಟ್ಟಿಗೆಗಳಿಗೂ ಹೋಗುವ ಷರ್ಟುಗಳ ಕಾಲರ್ ಅವರ ಕೈಯದು. ಕಾರ್ಖಾನೆಯ ಲೆಕ್ಕದಲ್ಲಿ ಮುನಿಯಕ್ಕ ಮಾತ್ರ ಇಂದಿಗೂ ಬರೀ ಟೈಲರ್. ಕಲಿಸುವುದಕ್ಕೆ ಅಲ್ಲಿ ಹೆಸರಿಲ್ಲ.

ಕೆಲವು ವಾರ ಕಳೆದಿವೆ, ಗೋವಿಂದಮ್ಮ ಕಾಗದ ಬಿಟ್ಟು ಬಟ್ಟೆಗೆ ಬಂದಿದ್ದಾಳೆ. ಈ ವಾರ ಮುನಿಯಕ್ಕ ಕೋಪದಲ್ಲಿದ್ದಾರೆ. ಶನಿವಾರ ಗೋವಿಂದಮ್ಮನ ಪರೀಕ್ಷೆ. ಕಾಲರ್ ಸರಿಯಾಗಿ ಹೊಲಿದರೆ ಕೆಲಸ, ಇಲ್ಲವಾದರೆ ಮನೆ. ಬೇಸಿಗೆಯಿಂದೀಚೆಗೆ ಅವಳಿಗಿಂತ ಮುಂಚೆ ಈ ಸಾಲಿನಲ್ಲಿ ಕೂತಿದ್ದ ಹುಡುಗಿಯರೆಲ್ಲ ಒಬ್ಬರ ಹಿಂದೊಬ್ಬರು ಮನೆಗೆ ಹೋಗಿದ್ದಾರೆ. ಇವಳೂ ಹೋದರೆ ನಾಲ್ಕು ಮೆಷಿನ್‌ಗಳನ್ನೂ ಎತ್ತಿ ದೊಡ್ಡ ಸಾಲಿಗೆ ಹಾಕುವುದಾಗಿ ಮ್ಯಾನೇಜರ್ ರಾಮಪ್ರಸಾದ್ ಹೇಳಿಯಾಗಿದೆ. ಆಮೇಲೆ ಹೊಸಬರು ಬಂದ ದಿನವೇ ದೊಡ್ಡ ಸಾಲಿನಲ್ಲಿ ಕೂರಬೇಕು. ನೋಡಿ ಕಲಿಯಬೇಕು.

ನೋಡಿ ಕಲಿ. ಈ ಎರಡು ಮಾತು ಕೇಳಿದರೆ ಮುನಿಯಕ್ಕನವರಿಗೆ ಮೈ ಉರಿಯುತ್ತದೆ.

ಅವರ ಗಂಡ ಗಾರೆ ಕೆಲಸದವರು. ಜಯನಗರದಲ್ಲಿ ಮನೆಗಳು ಏಳುತ್ತಿದ್ದ ಕಾಲ. ಎಪ್ಪತ್ತೆರಡರಲ್ಲಿ ಒಂದು ಮಹಡಿಮನೆಯ ಸಾರ್ವೆ ಮುರಿದು ಬಿದ್ದು ತೀರಿಕೊಂಡರು. ಆ ಮನೆ ಈಗಲೂ ಇದೆ, ಮುಂದೆ ಕ್ರೋಟನ್ ಗಿಡಗಳಿವೆ. ಆಮೇಲೆ ಮುನಿಯಕ್ಕ ಬಸವನಗುಡಿಯಲ್ಲಿ ದೇವದಾಸ್ ಎಂಬ ಟೈಲರ್ ಬಳಿ ಕಾಜಾ, ಗುಂಡಿ ಕೆಲಸಕ್ಕೆ ಸೇರಿದರು. ನೆಲದ ಮೇಲೆ ಕೂತು ಗುಂಡಿ ಹಚ್ಚುವುದು, ಚಹಾ ತರುವುದು, ಸಂಜೆ ಮೆಷಿನ್ ಒರೆಸುವುದು. ಮೆಷಿನ್ ಹೊಲಿಗೆ ಹೇಳಿಕೊಡಿ ಎಂದರೆ ದೇವದಾಸ್ ತಲೆ ಎತ್ತದೆ ಹೇಳುತ್ತಿದ್ದರು: "ನಾನ್ ಹೊಲೀತೀನಲ್ಲ, ನೋಡಿ ಕಲಿ."

"ನೋಡ್ದೆ," ಎನ್ನುತ್ತಾರೆ ಮುನಿಯಕ್ಕ. "ನಾಲ್ಕು ವರ್ಷ ನೋಡ್ದೆ. ಏನ್ ನೋಡ್ದೆ? ಸೂಜಿ ನೋಡ್ದೆ. ಮೇಲೆ ಕೆಳಗೆ ಹೋಗೋದು ಅದೊಂದೇ ಅಲ್ವಾ, ಕಣ್ಣು ಅಲ್ಲಿಗೇ ಹೋಗುತ್ತೆ. ಅವರಿಲ್ಲದಾಗ ಕೂತು ಹೊಲಿದ್ರೆ ಹಾವು ಹರಿದ ಹಾಗೆ ಹೊಲಿಗೆ. ಬೈತಿದ್ರು. ಸ್ಕೇಲಲ್ಲಿ ಕೈ ಗಂಟಿಗೆ ಹೊಡೀತಿದ್ರು. ನನ್ ಕೈಯೇ ಸರಿಯಿಲ್ಲ, ಇದು ಹಣೇಲಿ ಬರ್ದಿಲ್ಲ ಅಂದ್ಕೊಂಡಿದ್ದೆ."

ಒಂದು ಸಂಜೆ ಎಣ್ಣೆ ಬಟ್ಟೆಯಲ್ಲಿ ಮೆಷಿನ್ ತಟ್ಟೆ ಒರೆಸುವಾಗ ಬೆರಳಿಗೆ ಏನೋ ತಾಕಿತು. ಸೂಜಿಯ ಬಲಕ್ಕೆ, ಉಕ್ಕಿನ ಮೇಲೆ, ಅರದಿಂದ ಎಳೆದ ಒಂದು ಗೀರು. ಮರುದಿನ ಅವರು ಸೂಜಿ ನೋಡಲಿಲ್ಲ, ದೇವದಾಸರ ಕಣ್ಣು ನೋಡಿದರು. ಆ ಕಣ್ಣು ಒಮ್ಮೆಯೂ ಸೂಜಿಯ ಕಡೆ ಹೋಗಲಿಲ್ಲ. ಬಟ್ಟೆಯ ಅಂಚು ಗೀರಿನ ಮೇಲೆ ಹರಿಯುತ್ತಿತ್ತು, ಕಣ್ಣು ಅಲ್ಲೇ ನಿಂತಿತ್ತು. ಯಾರಾದರೂ ಹತ್ತಿರ ಬಂದರೆ ದೇವದಾಸರ ಬಲಗೈ ತಾನಾಗಿ ಗೀರಿನ ಮೇಲೆ ಬರುತ್ತಿತ್ತು.

"ಒಂದು ಗೀರಮ್ಮ! ಅದನ್ನ ತೋರಿಸೋಕೆ ಎಷ್ಟು ಹೊತ್ತು ಬೇಕಾಗಿತ್ತು ಆ ಮನುಷ್ಯನಿಗೆ? ಒಂದು ಬೀಡಿ ಹಚ್ಚೋ ಹೊತ್ತು. ನಾಲ್ಕು ವರ್ಷ ಕೈ ಇಟ್ಟು ಮುಚ್ಕೊಂಡಿದ್ದ. ನೋಡಿ ಕಲಿ ಅಂತೆ. ನೋಡೋ ಜಾಗಾನ ಮುಚ್ಚಿಟ್ಟು ನೋಡು ಅನ್ನೋರನ್ನ ಏನನ್ಬೇಕು?"

ದೇವದಾಸ್ ಒಬ್ಬರನ್ನೇ ಬೈದು ಪ್ರಯೋಜನವಿಲ್ಲ. ಕೆಲಸ ಬಲ್ಲವರಲ್ಲಿ ಬಹಳ ಜನ ಹೀಗೆಯೇ. ಕೈ ಹಿಡಿದು ತೋರಿಸಬಹುದಾದದ್ದನ್ನು ತೋರಿಸುವುದಿಲ್ಲ, ಬಾರದವರನ್ನು ದಡ್ಡರೆನ್ನುತ್ತಾರೆ, ತಮಗೆ ಬರುವುದನ್ನು ದೇವರ ವರವೆನ್ನುತ್ತಾರೆ. ಮುನಿಯಕ್ಕ ಕಾರ್ಖಾನೆಗೆ ಸೇರಿ, ಹೊಸಬರನ್ನು ಅವರ ಪಕ್ಕ ಕೂರಿಸಿದ ಮೊದಲ ದಿನವೇ ಪ್ಲಾಸ್ಟರ್ ತಂದರು. ಅರದಿಂದ ಗೀರು ಎಳೆಯಲಿಲ್ಲ. ಗೀರು ಶಾಶ್ವತ. ಪಟ್ಟಿಯನ್ನು ಕಿತ್ತು ಹಾಕಬೇಕು.

ಯಾವಾಗ ಕೀಳಬೇಕು ಎನ್ನುವುದಕ್ಕೂ ಅವರಿಗೆ ಗುರುತು ಇದೆ. ಹುಡುಗಿ ಹೊಲಿಯುತ್ತಲೇ ಪಕ್ಕದವಳ ಮಾತಿಗೆ ಉತ್ತರ ಕೊಡುವುದಕ್ಕೆ ಶುರುಮಾಡಿದ ದಿನ ಮುನಿಯಕ್ಕ ಬಂದು ಪಟ್ಟಿ ಕೀಳುತ್ತಾರೆ. ಹುಡುಗಿ ಹೆದರುತ್ತಾಳೆ. ಪಟ್ಟಿಯ ಅಂಟು ಇನ್ನೂ ಸ್ವಲ್ಪ ತಟ್ಟೆಯ ಮೇಲಿರುತ್ತದೆ. ಅದನ್ನೇ ನೋಡಿಕೊಂಡು ಹೊಲಿಯುತ್ತಾಳೆ. ನಾಲ್ಕು ದಿನ ಕಳೆದರೆ ಅಂಟೂ ಸವೆದಿರುತ್ತದೆ. ಹೊಲಿಗೆ ನೆಟ್ಟಗೇ ಇರುತ್ತದೆ.

ಕಣ್ಣಿನದು ಇಷ್ಟಾದರೆ ಕಾಲಿನದು ಬೇರೆ. ಮನೆಯ ಮೆಷಿನ್ ತುಳಿದಷ್ಟೇ ಓಡುತ್ತದೆ. ಕಾರ್ಖಾನೆಯದು ಕರೆಂಟಿನದು, ಪೆಡಲ್ ಮುಟ್ಟಿದರೆ ಸಾಕು, ಹುಚ್ಚು ಕುದುರೆ. ಹೊಸಬರ ಬೆರಳಿಗೆ ಸೂಜಿ ಹೋಗುವುದು ಆ ಕ್ಷಣದಲ್ಲೇ. ಕಾಲನ್ನು ಎಷ್ಟು ಒತ್ತಬೇಕು ಎಂದು ಬಾಯಲ್ಲಿ ಹೇಳುವುದಕ್ಕಾಗುವುದಿಲ್ಲ. ಹಾಗಾಗಿ ಮುನಿಯಕ್ಕ ಕಿವಿಯ ದಾರಿ ಹಿಡಿದರು.

"ಹಿಟ್ಟಿನ ಗಿರಣಿಗೆ ಹೋಗಿದೀಯಲ್ಲ?" ಎಂದು ಪ್ರತಿ ಹುಡುಗಿಗೂ ಕೇಳುತ್ತಾರೆ. "ಕಾಳು ಸುರಿಯೋ ಮುಂಚೆ ಒಂದ್ ಸದ್ದು, ಸುರಿದ ಮೇಲೆ ಒಂದ್ ಸದ್ದು. ಇದೂ ಹಾಗೇನೇ. ಕೀ ಅಂತ ಕಿರುಚಿದ್ರೆ ಕಾಲು ತೆಗಿ. ಗುಂಯ್ ಅಂತಾ ಇದ್ರೆ ನೀನು ಸರಿ ಇದೀಯ. ಕಾಲಿನ ಯೋಚ್ನೆ ಮಾಡ್ಬೇಡ. ಸದ್ದು ಕೇಳು, ಕಾಲು ತಾನೇ ಕಲಿಯುತ್ತೆ."

ಕಲಿಯುತ್ತಿತ್ತು ಕೂಡ. ಈ ಬೇಸಿಗೆಯವರೆಗೆ.

ಬೇಸಿಗೆಯಲ್ಲಿ ರಾಮಪ್ರಸಾದ್ ಶೆಡ್ಡಿನ ನಾಲ್ಕು ಮೂಲೆಗೂ ಸ್ಪೀಕರ್ ಕಟ್ಟಿಸಿದರು. ಆಫೀಸಿನ ಟೇಪ್ ರೆಕಾರ್ಡರಿನಿಂದ ಬೆಳಗಿನ ಗಂಟೆ ಹೊಡೆದಾಗಿನಿಂದ ಸಂಜೆಯವರೆಗೆ ಸಿನಿಮಾ ಹಾಡು. ಹಾಡು ಹಾಕಿದರೆ ಹುಡುಗಿಯರು ಹರಟೆ ಹೊಡೆಯುವುದಿಲ್ಲ, ತೂಕಡಿಸುವುದಿಲ್ಲ, ಉತ್ಪಾದನೆ ಹೆಚ್ಚುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ದೊಡ್ಡ ಸಾಲಿನಲ್ಲಿ ಅದು ನಿಜವೂ ಆಯಿತು. ಕಲಿತ ಕಾಲುಗಳಿಗೆ ಹಾಡು ಏನೂ ಮಾಡಲಿಲ್ಲ. ಹುಡುಗಿಯರಿಗೆ ಖುಷಿಯೇ ಆಯಿತು. ಮುನಿಯಕ್ಕ ರೇಗಿದಾಗ ಅವರಲ್ಲೇ ಒಬ್ಬಳು, "ಅಕ್ಕಾ, ಇರೋದೊಂದು ಸಂತೋಷ, ಬಿಡಿ," ಎಂದಳು.

ಕಿಟಕಿಯ ಪಕ್ಕದ ಸಾಲು ಮಾತ್ರ ಹಾಳಾಯಿತು. ಮೋಟಾರಿನ ಸದ್ದು ಹಾಡಿನೊಳಗೆ ಮುಳುಗಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕಲಿಯದ ಕಾಲು ತಾಳ ಹಿಡಿಯಿತು. ಪ್ರೇಮದ ಹಾಡು ಬಂದರೆ ಹೊಲಿಗೆ ತೂಗಾಡುತ್ತಿತ್ತು, ಕುಣಿತದ ಹಾಡು ಬಂದರೆ ಮೆಷಿನ್ ಹಾರುತ್ತಿತ್ತು. ಒಬ್ಬಳ ಬೆರಳಿನಲ್ಲಿ ಸೂಜಿ ಮುರಿದು ಉಳಿಯಿತು. ಅವಳನ್ನು ಮನೆಗೆ ಕಳಿಸಿದರು. ಆಮೇಲೆ ಉಳಿದವರನ್ನೂ, ಕೈ ಪಳಗಲಿಲ್ಲವೆಂದು.

ಮುನಿಯಕ್ಕ ಆಫೀಸಿಗೆ ಹೋದರು. ರಾಮಪ್ರಸಾದ್ ಕುರ್ಚಿ ತೋರಿಸಲಿಲ್ಲ, ಮುನಿಯಕ್ಕ ನಿಂತೇ ಮಾತಾಡಿದರು.

"ಸಾರ್, ಆ ನಾಲ್ಕು ಮೆಷಿನ್ ಕಡೆ ಇರೋ ಸ್ಪೀಕರ್ ಒಂದನ್ನ ನಿಲ್ಸಿ. ಹುಡುಗೀರಿಗೆ ಮೋಟಾರ್ ಸದ್ದು ಕೇಳ್ತಿಲ್ಲ."

"ಮೋಟಾರ್ ಸದ್ದು ಯಾಕ್ರೀ ಕೇಳ್ಬೇಕು? ಹೊಲಿಯೋದು ಕೈಲಾ ಕಿವೀಲಾ?" ರಾಮಪ್ರಸಾದ್ ನಕ್ಕರಂತೆ. "ಕಲಿಯೋರು ಎಲ್ಲಿದ್ರೂ ಕಲೀತಾರೆ ಮುನಿಯಕ್ಕ. ಆಗದೇ ಇರೋರು ಮನೇಲಿ ಅಡುಗೆ ಮಾಡ್ಲಿ."

ಇದನ್ನು ಹೇಳುವಾಗ ಮುನಿಯಕ್ಕನವರ ಧ್ವನಿ ಏರುವುದಿಲ್ಲ. ಕತ್ತರಿಯನ್ನು ಮೇಜಿನ ಮೇಲೆ ಇಡುತ್ತಾರೆ, ಮತ್ತೆ ತೆಗೆದು ಇನ್ನೊಂದು ಕಡೆ ಇಡುತ್ತಾರೆ. "ಬೆರಳಿಗೆ ಸೂಜಿ ಹೋಯ್ತಲ್ಲ, ಆ ಮಗು ತಪ್ಪು ನಂದು ಅಂತ ಅತ್ಕೊಂಡು ಹೋಯ್ತು. ನಂಗೆ ಹೊಟ್ಟೆ ಉರಿಯೋದು ಅದಕ್ಕೇನೇ. ಕಿವಿ ಮುಚ್ಚಿದೋರು ಇವರು. ದಡ್ಡಿ ಅಂತ ಹೆಸರು ಅವಳಿಗೆ."

ಸ್ಪೀಕರ್ ನಿಲ್ಲಲಿಲ್ಲ. ಗೋವಿಂದಮ್ಮ ಬಂದಳು. ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ, ಹಾಡಿಲ್ಲದ ಹೊತ್ತಿನಲ್ಲಿ, ಮುನಿಯಕ್ಕ ಅವಳಿಗೆ ಪಾಠ ಮಾಡತೊಡಗಿದರು. ಆ ಹೊತ್ತಿನಲ್ಲಿ ಚೆನ್ನಾಗಿ ಹೊಲಿಯುತ್ತಾಳೆ. ಹಾಡು ಶುರುವಾದರೆ ಕೆಡಿಸುತ್ತಾಳೆ. ಪರೀಕ್ಷೆ ಹಾಡಿನಲ್ಲೇ ನಡೆಯುವುದು.

ದಾರಿ ಸಿಕ್ಕಿದ್ದು ಅಕ್ಕಯಮ್ಮನಿಂದ. ಅಕ್ಕಯಮ್ಮ ಹೊಸಕೆರೆಹಳ್ಳಿಯವಳು, ದೊಡ್ಡ ಸಾಲಿನಲ್ಲಿ ಕಾಲರ್ ಹೊಲಿಯುತ್ತಾಳೆ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಕಾರ್ಖಾನೆಯಲ್ಲಿ ಮೊದಮೊದಲು ಅವಳನ್ನು 'ಮೂಗಿ' ಎಂದು ಕರೆಯುತ್ತಿದ್ದರು. "ಅವಳಿಗೆ ಹೆಸರಿದೆ, ಇನ್ನೊಂದ್ಸಲ ಅಂದ್ರೆ ನಿನ್ ಹೆಸರು ಮರೆಸ್ತೀನಿ," ಎಂದು ಮುನಿಯಕ್ಕ ಒಬ್ಬಳ ಜಡೆ ಹಿಡಿದ ಮೇಲೆ ಅದು ನಿಂತಿತು. ಕಣ್ಣಿಗೆ ಗುರುತಾಗಲೆಂದು ತಟ್ಟೆಯ ಮೇಲೆ ಪಟ್ಟಿ ಅಂಟಿಸಿ ಕೊಟ್ಟದ್ದು ಬಿಟ್ಟರೆ ಅಕ್ಕಯಮ್ಮನ ಕಾಲಿಗೆ ಮುನಿಯಕ್ಕ ಏನೂ ಕಲಿಸಿರಲಿಲ್ಲ. ಕಲಿಸುವ ಬಗೆ ತಿಳಿದಿರಲಿಲ್ಲ. ಹೇಗೋ ತಾನೇ ಕಲಿತಳು, ಸಾಲಿನಲ್ಲೇ ಒಳ್ಳೆಯ ಕೈ ಎನಿಸಿಕೊಂಡಳು. ಹೇಗೆ ಎಂದು ಯಾರೂ ಕೇಳಲಿಲ್ಲ.

ಈ ವಾರದ ಸೋಮವಾರ ಮುನಿಯಕ್ಕ ತಮ್ಮ ಕೆಲಸ ಬಿಟ್ಟು ಅಕ್ಕಯಮ್ಮನ ಎದುರು ನಿಂತರು. ದೇವದಾಸರ ಕಣ್ಣು ನೋಡಿದ ಹಾಗೆಯೇ ಇವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅಕ್ಕಯಮ್ಮನ ಎಡಗೈ ಮೇಜಿನ ಹಲಗೆಯ ಮೇಲಿತ್ತು. ಮಣಿಕಟ್ಟಿನಲ್ಲಿ ಗಾಜಿನ ಬಳೆ, ಸ್ವಲ್ಪ ದೊಡ್ಡವು, ಹಲಗೆಗೆ ತಾಕಿ ಕೂತಿದ್ದವು. ಮೆಷಿನ್ ಓಡಿದಾಗ ಬಳೆ ನಡುಗುತ್ತಿದ್ದವು. ಮೆಷಿನ್ ಹಾರಿದಾಗ ಬಳೆ ಕುಣಿದವು. ಕುಣಿದ ಕೂಡಲೇ ಅವಳ ಕಾಲು ಹಿಂದಕ್ಕೆ ಬಂತು. ಮುನಿಯಕ್ಕ ತಮ್ಮ ಕಿವಿ ಮುಟ್ಟಿ, ಅವಳ ಬಳೆ ತೋರಿಸಿ, ಇದಾ ಎಂಬಂತೆ ಕೇಳಿದರು. ಅಕ್ಕಯಮ್ಮ ದೊಡ್ಡದಾಗಿ ನಕ್ಕು ತಲೆ ಆಡಿಸಿದಳು. ಇಷ್ಟು ದಿನ ಬೇಕಾಯಿತಾ ನಿನಗೆ ಎನ್ನುವ ಹಾಗಿತ್ತಂತೆ ಆ ನಗು.

ಅಲ್ಲಿಂದ ನೇರ ಗೋವಿಂದಮ್ಮನ ಬಳಿ ಬಂದರು. ಗೋವಿಂದಮ್ಮನ ಕೈಯಲ್ಲೂ ಬಳೆ ಇದ್ದವು. ಆದರೆ ಮೊಣಕೈಯ ಹತ್ತಿರ, ಬಿಗಿಯಾಗಿ. ಮುಸುರೆ ತಿಕ್ಕುವಾಗ, ರುಬ್ಬುವಾಗ, ಬಟ್ಟೆ ಒಗೆಯುವಾಗ ಹೆಂಗಸರು ಬಳೆಯನ್ನು ಮೇಲೆ ತಳ್ಳಿಕೊಳ್ಳುತ್ತಾರೆ. ಕೆಲಸಕ್ಕೆ ಕೂರುವ ಮುನ್ನ ಅಮ್ಮ ಕಲಿಸಿದ ಶಿಸ್ತು ಅದು. ಮನೆಗೆ ಹೋದ ಹುಡುಗಿಯರೂ ಹಾಗೇ ತಳ್ಳಿಕೊಂಡಿದ್ದರೆಂದು ಆಗ ನೆನಪಾಯಿತು. ಒಳ್ಳೆಯ ಮನೆಯ ಹುಡುಗಿಯರು, ಶಿಸ್ತಾಗಿ, ತಮಗೆ ದಾರಿ ತೋರಿಸಬಹುದಾಗಿದ್ದನ್ನು ತೋಳಿಗೇರಿಸಿಕೊಂಡು ಕೂತಿದ್ದರು.

"ಇಳಿಸೇ ಅದನ್ನ," ಎಂದರು ಮುನಿಯಕ್ಕ.

"ಒಡೆದು ಹೋಗ್ತವೆ ಅಕ್ಕಾ, ಅಮ್ಮ ಬೈತಾಳೆ."

"ಬೈಯಲಿ. ಹಲಗೆ ಮೇಲೆ ಕೈ ಇಡು. ಏನನ್ಸುತ್ತೆ ಹೇಳು."

ಗೋವಿಂದಮ್ಮ ಹೇಳಿದಳು: ಝುಂ ಅಂತದೆ. ಈಗ ಜಾಸ್ತಿ ಆಯ್ತು. ಈಗ ಚುಚ್ಚಿದ ಹಾಗಾಗ್ತದೆ. ಯಾವುದು ಸರಿಯಾದ ನಡುಕ, ಅಕ್ಕಾ?

ಮುನಿಯಕ್ಕನವರಿಗೆ ಗೊತ್ತಿರಲಿಲ್ಲ. ಅವರ ಕೈಯಲ್ಲಿ ಬಳೆ ಇರಲಿಲ್ಲ.

ಗಂಡ ಸತ್ತ ಮೇಲೆ ಬಳೆ ಒಡೆಯುತ್ತಾರೆ. ಒಡೆಯುವವರೂ ಹೆಂಗಸರೇ. ಅದರ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಮುನಿಯಕ್ಕನವರ ಮಣಿಕಟ್ಟು ಅಂದಿನಿಂದ ಬರಿದಾಗಿತ್ತು, ಅವರು ಅದನ್ನು ಯೋಚಿಸುವುದನ್ನೂ ಬಿಟ್ಟಿದ್ದರು. "ಅವತ್ತು ಮೆಷಿನ್ ಮುಂದೆ ನಿಂತಾಗ ಮತ್ತೆ ಸಿಟ್ಟು ಬಂತು," ಎನ್ನುತ್ತಾರೆ. "ಗಂಡ ಹೋದ್ರೆ ದುಃಖ ನಂದು, ಅದು ಇರ್ಲಿ. ಕೈಗೆ ಗೊತ್ತಾಗೋದನ್ನ ಯಾಕೆ ಕಿತ್ಕೊಂಡ್ರು? ಎಷ್ಟು ವರ್ಷ ನಾನು ಕಿವಿ ಕಿವಿ ಅಂತ ಹೇಳ್ಕೊಂಡು ಬಂದೆ. ಇನ್ನೊಂದು ದಾರಿ ಇತ್ತು ಅಂತ ನಂಗೆ ಹೇಗ್ ಗೊತ್ತಾಗ್ಬೇಕು?"

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬಳೆ ಅಂಗಡಿಯ ಮುಂದೆ ನಿಂತರು. ಅಂಗಡಿಯಾಕೆ ಗುರುತಿನವಳು.

"ಯಾರಿಗ್ ಮುನಿಯಕ್ಕ? ಸೊಸೆ ಬಂದ್ಳಾ?"

"ನಂಗೆ."

ಅಂಗಡಿಯಾಕೆ ಆಚೆ ಈಚೆ ನೋಡಿ ದನಿ ಇಳಿಸಿದಳು. "ತಮಾಷೆ ಮಾಡ್ಬೇಡಿ ಅಕ್ಕಾ. ನಾನ್ ನಿಮ್ ಕೈಗೆ ತೊಡಿಸಿದ್ರೆ ನಾಳೆ ಯಾರು ನನ್ ಅಂಗ್ಡಿಗೆ ಬರ್ತಾರೆ?"

"ನೀನ್ ತೊಡಿಸ್ಬೇಡ. ಇಲ್ಲಿಡು, ನಾನೇ ಹಾಕ್ಕೊತೀನಿ. ಒಂದು ಸೈಜ್ ದೊಡ್ಡದು ಕೊಡು, ಕೈಯಲ್ಲಿ ಆಡ್ಬೇಕು."

"ಯಾವ ಬಣ್ಣ?"

"ಯಾವ್ದೋ ಒಂದು. ಮೆಷಿನ್‌ಗೆ ಬಣ್ಣ ಕಾಣುತ್ತಾ?"

ಹಸಿರು ಸಿಕ್ಕಿತು. ಮನೆಯಲ್ಲಿ ಅತ್ತೆ ನೋಡಿದರು, ಅಂದು ಮುನಿಯಕ್ಕ ಬಡಿಸಿದ ಮುದ್ದೆಯನ್ನು ಮುಟ್ಟಲಿಲ್ಲ. ಬೀದಿಯ ನಲ್ಲಿಯ ಬಳಿ ಬೆಳಿಗ್ಗೆ ಮಾತು ನಿಂತಿತು, ಬೆನ್ನ ಹಿಂದೆ ಶುರುವಾಯಿತು. "ಈ ವಯಸ್ಸಲ್ಲಿ ಯಾರಪ್ಪಾ ಸಿಕ್ಕಿದ್ದು," ಎಂದು ಒಬ್ಬಳು ಕೇಳಿಸುವ ಹಾಗೆಯೇ ಅಂದಳು. ಮುನಿಯಕ್ಕ ಬಿಂದಿಗೆ ಇಳಿಸಿ ತಿರುಗಿ ನಿಂತರು. "ಸಿಂಗರ್ ಅಂತ ಹೆಸರು. ಕರೆಂಟಲ್ಲಿ ಓಡ್ತಾನೆ. ನಿಂಗೂ ಬೇಕಾ?"

ಮಂಗಳವಾರ ಬೆಳಿಗ್ಗೆ, ಹಾಡಿಲ್ಲದ ಹೊತ್ತಿನಲ್ಲಿ ಮುನಿಯಕ್ಕ ತಾವೇ ಮೆಷಿನ್ ಮುಂದೆ ಕೂತರು. ಕಿವಿಗೆ ಗೊತ್ತಿದ್ದ ಗುಂಯ್ ಎನ್ನುವ ಸದ್ದಿಗೆ ಕಾಲು ನಿಲ್ಲಿಸಿ, ಆಗ ಬಳೆ ಹೇಗೆ ನಡುಗುತ್ತದೆಂದು ಮಣಿಕಟ್ಟಿಗೆ ಕಲಿಸಿದರು. ಆಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಹೊಲಿದರು. ಮೊದಲು ಕೆಟ್ಟಿತು. ಆಮೇಲೆ ಬಂತು. ಹೊಸಬಳ ಹಾಗೆ ಅವರೂ ಎಡವಿದ್ದನ್ನು ಗೋವಿಂದಮ್ಮ ಪಕ್ಕದಲ್ಲೇ ನಿಂತು ನೋಡಿದಳು. "ನಗೋದಾದ್ರೆ ನಕ್ಕುಬಿಡು," ಎಂದರಂತೆ. ಅವಳು ನಗಲಿಲ್ಲ. ಪಕ್ಕದ ಮೆಷಿನ್ ಮುಂದೆ ಕೂತು ಬಳೆ ಇಳಿಸಿಕೊಂಡಳು. ಊಟದ ಹೊತ್ತಿನಲ್ಲಿ ಅಕ್ಕಯಮ್ಮನನ್ನು ಕರೆತಂದು ಕೂರಿಸಿದರು. ಗೋವಿಂದಮ್ಮನ ಕಾಲು ಹಾಡಿನ ಹಿಂದೆ ಓಡಿದಾಗಲೆಲ್ಲ ಅಕ್ಕಯಮ್ಮ ಅವಳ ಮಣಿಕಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದಳು. ಬುಧವಾರ ಹತ್ತಾರು ಸಲ ತಟ್ಟಬೇಕಾಯಿತು. ಶುಕ್ರವಾರ ಅಕ್ಕಯಮ್ಮ ಸುಮ್ಮನೆ ಕೂತು ಕಡಲೆಕಾಯಿ ತಿಂದಳು.

ಶನಿವಾರ ರಾಮಪ್ರಸಾದ್ ಬಂದು ಗೋವಿಂದಮ್ಮನ ಬೆನ್ನ ಹಿಂದೆ ನಿಂತರು. ಮೇಲೆ ಕುಣಿತದ ಹಾಡು. ಗೋವಿಂದಮ್ಮ ಪಟ್ಟಿ ಕಿತ್ತ ತಟ್ಟೆಯ ಮೇಲೆ ಕಾಲರ್ ಇಟ್ಟಳು. ಮೊದಲನೆಯದರ ಮೂಲೆ ತಿರುಗಿಸುವಾಗ ಹೊಲಿಗೆ ಒಂದಿಷ್ಟು ಹೊರಗೆ ಹೋಯಿತು. ಬಿಚ್ಚಿ ಮತ್ತೆ ಹೊಲಿದಳು. ಆಮೇಲಿನವು ನೆಟ್ಟಗೆ ಬಂದವು. ರಾಮಪ್ರಸಾದ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಸರಿ ಎಂದು ತಲೆಯಾಡಿಸಿ, ಮುನಿಯಕ್ಕನವರ ಕಡೆ ತಿರುಗಿದರು.

"ನೋಡಿದ್ರಾ, ಹಾಡು ಹಾಕಿದ್ರೂ ಕಲೀತಾರೆ. ಸುಮ್ನೆ ಗಲಾಟೆ ಮಾಡ್ತಿದ್ರಿ."

ಶೆಡ್ಡಿನಲ್ಲಿ ಅಷ್ಟು ಮೆಷಿನ್‌ಗಳು ಓಡುತ್ತಿದ್ದರೂ ಮುನಿಯಕ್ಕ ಹೇಳಿದ್ದು ಮೂರು ಸಾಲಿನಾಚೆಗೂ ಕೇಳಿಸಿತು. "ಹಾಗಾದ್ರೆ ಮನೆಗೆ ಕಳಿಸಿದ್ರಲ್ಲ ಸಾರ್, ಅವರೂ ಕಲೀತಾರೆ. ವಾಪಸ್ ಕರೀರಿ. ಬೆರಳಿಗೆ ಸೂಜಿ ಹೋದವಳನ್ನ ಮೊದಲು ಕರೀರಿ."

ರಾಮಪ್ರಸಾದ್ ನೋಡೋಣ ಎಂದರು. ಆ ಮಾತಿಗೆ ಕಾರ್ಖಾನೆಯಲ್ಲಿ ಏನರ್ಥ ಎಂದು ಎಲ್ಲರಿಗೂ ಗೊತ್ತು. ನಾಲ್ಕು ಮೆಷಿನ್‌ಗಳು ಮಾತ್ರ ಕಿಟಕಿಯ ಪಕ್ಕವೇ ಉಳಿದಿವೆ. ಸ್ಪೀಕರೂ ಉಳಿದಿದೆ. ಮನೆಗೆ ಹೋದವರ ಊರು, ಬೀದಿ ಮುನಿಯಕ್ಕನವರಿಗೆ ಗೊತ್ತು; ಭಾನುವಾರ ಒಬ್ಬೊಬ್ಬರ ಮನೆಗೂ ಹೋಗಿ, ತಪ್ಪು ನಿಂದಲ್ಲ ಎಂದು ಹೇಳಿ ಬರುವುದಾಗಿ ಹೇಳುತ್ತಾರೆ. ಕಾರ್ಖಾನೆ ಕರೆಯಲಿ ಬಿಡಲಿ, ಅಷ್ಟಾದರೂ ಅವರ ಕಿವಿಗೆ ಬೀಳಬೇಕು.

ಸಂಜೆ ಗೇಟಿನ ಹೊರಗೆ ಗೋವಿಂದಮ್ಮ ಅವರ ಪಕ್ಕ ನಡೆಯುತ್ತ, ಬೀದಿಯ ಮಾತು ತನ್ನ ಕಿವಿಗೂ ಬಿದ್ದಿದೆ ಎನ್ನುವ ಹಾಗೆ, ತಲೆ ತಗ್ಗಿಸಿಯೇ ಕೇಳುತ್ತಾಳೆ: "ಪರೀಕ್ಷೆ ಮುಗೀತಲ್ಲ ಅಕ್ಕಾ. ಬಳೆ ತೆಗೆದುಬಿಡ್ತೀರಾ?"

ಮುನಿಯಕ್ಕ ನಡಿಗೆ ನಿಲ್ಲಿಸುವುದಿಲ್ಲ.

"ಯಾಕ್ ತೆಗೀಲಿ? ಸೋಮವಾರ ಹೊಸಬರು ಬರ್ತಾರೆ."